ಮೂರು ನಾಲ್ಕರ ನಡಿಗೆ

ಒಂದು ಸಾಲು ಕಟ್ಟೋಣ. ಯಾವ ಕವಿಯದೂ ಅಲ್ಲ, ಈ ಅಧ್ಯಾಯದ ಕೆಲಸಕ್ಕೆಂದೇ ಹೆಣೆದದ್ದು:

ಮಳೆಯು ಸುರಿಯಿತು ಬೆಟ್ಟ ನೆನೆಯಿತು

ಇದನ್ನು ಗಟ್ಟಿಯಾಗಿ ನಾಲ್ಕಾರು ಸಲ ಹೇಳಿ. ಕೈ ತಾನಾಗಿಯೇ ತೊಡೆ ತಟ್ಟತೊಡಗುತ್ತದೆ. ತಟ್ಟು ಎಲ್ಲಿ ಬೀಳುತ್ತದೆ ನೋಡಿ: ‘ಮ’, ‘ಸು’, ‘ಬೆ’, ‘ನೆ’. ಈ ತಟ್ಟುಗಳ ನಡುವಿನ ಅಂತರ ಒಂದೇ ಸಮ ಇಲ್ಲ. ಮೊದಲು ಮೂರು ಮಾತ್ರೆ, ಆಮೇಲೆ ನಾಲ್ಕು, ಮತ್ತೆ ಮೂರು, ಮತ್ತೆ ನಾಲ್ಕು. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ನಡೆಸಿದ ಭಾಮಿನಿ ಷಟ್ಪದಿಯ ಸಾಲಿನ ಅಳತೆ ಇದೇ. ಮೃದಂಗದವರನ್ನು ಕೇಳಿದರೆ ‘ತಕಿಟ ತಕಧಿಮಿ’ ಎನ್ನುತ್ತಾರೆ, ಮಿಶ್ರಛಾಪು ತಾಳ ಎನ್ನುತ್ತಾರೆ. ಕಾವ್ಯದವರು ಮಾತ್ರೆ ಎಣಿಸಿ, ಸಂಗೀತದವರು ಕೈ ತಟ್ಟಿ ತಲುಪಿದ್ದು ಒಂದೇ ಜಾಗಕ್ಕೆ.

ಈಗ ಅದೇ ನಾಲ್ಕು ಪದಗಳನ್ನು ಜಾಗ ಬದಲಿಸಿ ಇಡೋಣ:

ಸುರಿಯಿತು ಮಳೆಯು ನೆನೆಯಿತು ಬೆಟ್ಟ

ಅರ್ಥ ಬದಲಾಗಲಿಲ್ಲ, ಮಾತ್ರೆಗಳು ಆಗಲೂ ಹದಿನಾಲ್ಕು, ಈಗಲೂ ಹದಿನಾಲ್ಕು. ಆದರೆ ನಡಿಗೆ ಬೇರೆಯಾಯಿತು. ಮೊದಲಿನ ಸಾಲು ಮುಂದಕ್ಕೆ ಧಾವಿಸುತ್ತಿತ್ತು, ಇದು ಪ್ರತಿ ಎರಡನೆಯ ಹೆಜ್ಜೆಗೂ ತಡೆದು ನಿಲ್ಲುತ್ತದೆ. ನಾಲ್ಕು ಮೂರರ ಈ ನಡಿಗೆಗೆ ಕರ್ನಾಟಕ ಸಂಗೀತದಲ್ಲಿ ವಿಲೋಮ ಛಾಪು ಎಂಬ ಬೇರೆಯದೇ ಹೆಸರಿದೆ. ಶ್ಯಾಮಾಶಾಸ್ತ್ರಿಗಳಿಗೆ (1762–1827) ಅದರ ಮೇಲೆ ವಿಶೇಷ ಒಲವಿತ್ತು. ಒಟ್ಟು ಮೊತ್ತ ಒಂದೇ ಆಗಿದ್ದೂ ಅನುಭವ ಬೇರೆಯಾಗುವುದು ಹೇಗೆ? ಲಯದ ವಿಜ್ಞಾನದ ಮುಖ್ಯ ಪ್ರಶ್ನೆಯೆಲ್ಲ ಈ ಎರಡು ಸಾಲುಗಳ ನಡುವೆ ಇದೆ.

ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ಮರೆತವರಿಗಾಗಿ ಒಂದು ಮಾತು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ. ‘ಬೆಟ್ಟ’ದಲ್ಲಿ ‘ಬೆ’ ಗುರುವಾದದ್ದರಿಂದ ಆ ಪದಕ್ಕೆ ಮೂರು ಮಾತ್ರೆ ಸಿಕ್ಕಿತು. ಲೆಕ್ಕ ಇಷ್ಟೇ. ಆದರೆ ಯಾರಾದರೂ ಹೇಳಿದ ಪದ್ಯವನ್ನು ಧ್ವನಿಮುದ್ರಿಸಿ, ಗಣಕದ ಪರದೆಯ ಮೇಲೆ ಅಲೆಯಾಗಿ ಹರಡಿ ಅಳೆದರೆ ಈ ಲೆಕ್ಕ ಅಷ್ಟು ಚೊಕ್ಕವಾಗಿ ಕಾಣುವುದಿಲ್ಲ. ಮೂರು ಲಘುಗಳು ಮೂರು ಅಳತೆಯಲ್ಲಿರುತ್ತವೆ. ಗುರು ಲಘುವಿನ ಎರಡರಷ್ಟು ಹತ್ತಿರ ಬಂದೀತು, ಕರಾರುವಾಕ್ಕಾಗಿ ಎರಡರಷ್ಟು ಇರುವುದಿಲ್ಲ. ಸಾಲಿನ ಕೊನೆಯ ಅಕ್ಷರವಂತೂ ಓದುಗನ ಉಸಿರಿಗೆ ತಕ್ಕಂತೆ ಎಳೆದುಕೊಳ್ಳುತ್ತದೆ. ಹೀಗಿದ್ದೂ ಕೇಳುವವನ ಕಿವಿಗೆ ಮೂರು ಮೂರಾಗಿಯೇ, ನಾಲ್ಕು ನಾಲ್ಕಾಗಿಯೇ ಕೇಳುತ್ತದೆ. ಗಾಳಿಯಲ್ಲಿ ಬರುವ ಶಬ್ದದಲ್ಲಿ ಇಲ್ಲದ ಅಚ್ಚುಕಟ್ಟು ಕಿವಿಯ ಹಿಂದೆ ಎಲ್ಲೋ ಹುಟ್ಟುತ್ತಿದೆ ಎಂದಾಯಿತು.

1894ರಲ್ಲಿ ಥ್ಯಾಡಿಯಸ್ ಬೋಲ್ಟನ್ ಎಂಬ ಅಮೆರಿಕದ ಮನೋವಿಜ್ಞಾನಿ ಇದನ್ನು ಬಹಳ ಸರಳವಾಗಿ ತೋರಿಸಿದ. ಎಲ್ಲ ರೀತಿಯಿಂದಲೂ ಒಂದೇ ತೆರನಾದ ‘ಟಿಕ್’ ಸದ್ದುಗಳನ್ನು ಸಮ ಅಂತರದಲ್ಲಿ ಜನರಿಗೆ ಕೇಳಿಸಿದ. ಸದ್ದಿನಲ್ಲಿ ಗುಂಪು ಇರಲಿಲ್ಲ, ಏರಿಳಿತ ಇರಲಿಲ್ಲ. ಆದರೂ ಕೇಳಿದವರು ಎರಡೆರಡಾಗಿ, ನಾಲ್ಕು ನಾಲ್ಕಾಗಿ, ಕೆಲವೊಮ್ಮೆ ಮೂರು ಮೂರಾಗಿ ಕೇಳಿಸುತ್ತಿದೆ ಎಂದರು, ಗುಂಪಿನ ಮೊದಲ ಸದ್ದಿಗೆ ಒತ್ತು ಹೆಚ್ಚು ಎಂದೂ ಹೇಳಿದರು. ಗೋಡೆ ಗಡಿಯಾರ ‘ಟಿಕ್ ಟಿಕ್’ ಎಂದರೂ ನಮಗೆ ‘ಟಿಕ್ ಟಾಕ್’ ಎಂದು ಕೇಳುವುದು ಇದರಿಂದಲೇ.

ನೂರಕ್ಕೂ ಹೆಚ್ಚು ವರ್ಷಗಳ ನಂತರ, 2011ರಲ್ಲಿ, ಸಿಲ್ವಿ ನೊಜಾರಡಾನ್ ಮತ್ತು ಸಂಗಡಿಗರು ಬೆಲ್ಜಿಯಂನಲ್ಲಿ ಅದೇ ಪ್ರಶ್ನೆಯನ್ನು ಮಿದುಳಿನ ವಿದ್ಯುತ್ ಅಲೆಗಳ ಮೂಲಕ ಕೇಳಿದರು. ಸೆಕೆಂಡಿಗೆ 2.4 ಸಲ ಬಡಿಯುವ ಏಕತಾನದ ಸದ್ದನ್ನು ಕೇಳಿಸುತ್ತ, ‘ಇದನ್ನು ಎರಡರ ಗುಂಪು ಎಂದುಕೊಳ್ಳಿ’, ‘ಈಗ ಮೂರರ ಗುಂಪು ಎಂದುಕೊಳ್ಳಿ’ ಎಂದು ಹೇಳಿದರು. ಎರಡು ಎಂದುಕೊಂಡಾಗ ಇಇಜಿಯಲ್ಲಿ ಸೆಕೆಂಡಿಗೆ 1.2ರ ಅಲೆ ಎದ್ದಿತು, ಮೂರು ಎಂದುಕೊಂಡಾಗ 0.8ರ ಅಲೆ. ಕಿವಿಗೆ ಬಿದ್ದ ಸದ್ದು ಎರಡೂ ಸಲ ಒಂದೇ. ತಾಳ ಕೇಳುಗನ ಒಳಗೇ ಇತ್ತು, ಯಂತ್ರ ಅದನ್ನು ಅಳೆಯಿತು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಯಾರಿಗಾದರೂ ಯಂತ್ರದ ಬಡಿತಕ್ಕೆ ಸರಿಯಾಗಿ ಬೆರಳು ತಟ್ಟಲು ಹೇಳಿ. ಸದ್ದು ಕೇಳಿದ ಮೇಲೆ ಬೆರಳಾಡಿಸಲು ಮನುಷ್ಯನಿಗೆ ಸುಮಾರು 150 ಮಿಲಿಸೆಕೆಂಡ್ ಬೇಕು. ಅಂದರೆ ಎಲ್ಲ ತಟ್ಟುಗಳೂ ಅಷ್ಟು ತಡವಾಗಿ ಬೀಳಬೇಕಿತ್ತು. ನಿಜದಲ್ಲಿ ಬಹುಪಾಲು ಜನರ ಬೆರಳು ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡ್ ಮೊದಲೇ ಬೀಳುತ್ತದೆ. ನಾವು ತಾಳವನ್ನು ಕೇಳಿ ತಟ್ಟುತ್ತಿಲ್ಲ, ಬರಲಿರುವ ಪೆಟ್ಟನ್ನು ಮೊದಲೇ ಊಹಿಸಿ ಅದನ್ನು ಭೇಟಿಯಾಗಲು ಹೋಗುತ್ತಿದ್ದೇವೆ. ಛಂದಸ್ಸು, ತಾಳ ಎಂದು ನಾವು ಕರೆಯುವುದೆಲ್ಲ ಈ ಊಹೆಯ ವ್ಯವಸ್ಥೆ. ನಮ್ಮ ಲಾಕ್ಷಣಿಕರು ಬರೆದಿಟ್ಟ ಗಣನಿಯಮಗಳನ್ನು ಒಣ ಕಟ್ಟಳೆ ಎಂದು ಓದುವ ಬದಲು, ಮನುಷ್ಯನ ಕಿವಿ ಹೇಗೆ ಊಹಿಸುತ್ತದೆ, ಯಾವಾಗ ದಿಕ್ಕು ತಪ್ಪುತ್ತದೆ ಎಂಬುದರ ಬಗ್ಗೆ ಬರೆದ ಸೂಕ್ಷ್ಮ ಟಿಪ್ಪಣಿಗಳು ಎಂದು ಓದಿದರೆ ಅವು ಬೇರೆಯೇ ಆಗಿ ಕಾಣುತ್ತವೆ. ಮುಂದೆ ಹೇಳಲು ಹೊರಟಿರುವುದು ಅದನ್ನೇ.

ಈ ಊಹೆ ಎಷ್ಟು ಆಳದಲ್ಲಿದೆ ಎಂದರೆ ಹುಟ್ಟಿ ಎರಡು ಮೂರು ದಿನವಾದ ಕೂಸುಗಳಲ್ಲೂ ಅದರ ಗುರುತು ಸಿಕ್ಕಿದೆ. ಹಂಗೆರಿಯ ಇಶ್ತ್ವಾನ್ ವಿಂಕ್ಲರ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗಿದ್ದ ಶಿಶುಗಳಿಗೆ ಡ್ರಮ್ಮಿನ ಆವರ್ತನಗಳನ್ನು ಕೇಳಿಸಿ ನಡುನಡುವೆ ಆವರ್ತನದ ಮೊದಲ ಪೆಟ್ಟನ್ನು ಕೈಬಿಟ್ಟರು. ಬರಬೇಕಾದ್ದು ಬಾರದಿದ್ದಾಗ ಮಿದುಳು ಬೆಚ್ಚುವ ಸಂಕೇತ ಅಲೆಗಳಲ್ಲಿ ಕಾಣಿಸಿತು. ಮುಖ್ಯವಲ್ಲದ ಪೆಟ್ಟು ತಪ್ಪಿದಾಗ ಹಾಗಾಗಲಿಲ್ಲ.

ಮಿದುಳಿನ ಯಾವ ಭಾಗ ಇದನ್ನು ಮಾಡುತ್ತದೆ ಎಂಬುದೂ ತಕ್ಕಮಟ್ಟಿಗೆ ಗೊತ್ತಾಗಿದೆ. 2007ರಲ್ಲಿ ಜೆಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ ಸ್ಕ್ಯಾನರಿನೊಳಗೆ ಅಲುಗಾಡದೆ ಮಲಗಿದ್ದವರಿಗೆ ಲಯಗಳನ್ನು ಕೇಳಿಸಿದಾಗ, ತಾಳ ಸ್ಪಷ್ಟವಿರುವ ಲಯಕ್ಕೆ ಬೇಸಲ್ ಗ್ಯಾಂಗ್ಲಿಯಾ ಮತ್ತು ಚಲನೆಯನ್ನು ಯೋಜಿಸುವ ಭಾಗಗಳು ಹೆಚ್ಚು ಚುರುಕಾದವು. ಕೈಕಾಲು ಆಡದಿದ್ದರೂ ಕೈಕಾಲು ಆಡಿಸುವ ಭಾಗ ಎಚ್ಚೆತ್ತಿತ್ತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಪೆಟ್ಟು ತಿನ್ನುವುದು ಇದೇ ಬೇಸಲ್ ಗ್ಯಾಂಗ್ಲಿಯಾದ ಜಾಲ. ಹೆಜ್ಜೆ ತಡವರಿಸುವ ರೋಗಿಗೆ ಸಮ ಬಡಿತದ ಸಂಗೀತ ಕೇಳಿಸಿ ನಡೆಸಿದರೆ ನಡಿಗೆ ಸುಧಾರಿಸುತ್ತದೆ ಎಂದು ಮೈಕೆಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಒಳಗಿನ ತಾಳ ಸೊರಗಿದಾಗ ಹೊರಗಿನ ತಾಳ ಅದರ ಕೆಲಸಕ್ಕೆ ನಿಲ್ಲುತ್ತದೆ.

ಲಯ ಹೃದಯದ ಬಡಿತದಿಂದ ಬಂತು ಎಂಬ ಮಾತು ಚಾಲ್ತಿಯಲ್ಲಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸುಮ್ಮನೆ ಕುಳಿತವನ ಎದೆ ನಿಮಿಷಕ್ಕೆ ಎಪ್ಪತ್ತರ ಆಸುಪಾಸು ಬಡಿಯುತ್ತದೆ. ಜನ ತಮಗೆ ಹಿತವೆನಿಸುವ ವೇಗದಲ್ಲಿ ತಾಳ ಹಾಕಿದರೆ ಅದು ಸಾಮಾನ್ಯವಾಗಿ ನಿಮಿಷಕ್ಕೆ 100ರಿಂದ 120ರ ನಡುವೆ ಬರುತ್ತದೆ. ಅದು ಬಿರುಸಾಗಿ ನಡೆಯುವವನ ಹೆಜ್ಜೆಯ ವೇಗಕ್ಕೆ ಹತ್ತಿರ. ಮಗು ಹೊತ್ತವರ ಹೆಜ್ಜೆಯ ತೂಗಾಟ, ಒನಕೆಯ ಪೆಟ್ಟು, ನಾಟಿಯ ಸಾಲು, ಇಂಥ ಕಡೆ ಹುಡುಕುವುದು ಹೆಚ್ಚು ಸರಿ ಎಂದು ನನ್ನ ಅನಿಸಿಕೆ.

ಊಹೆಗೆ ಒಂದು ಕಾಲದ ಮಿತಿಯೂ ಇದೆ. ಸದ್ದುಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅಂತರವಿದ್ದರೆ ನಾವು ಅವನ್ನು ತಾಳದ ಪೆಟ್ಟುಗಳಾಗಿ ಎಣಿಸಲಾರೆವು. ಒಂದೂವರೆ ಎರಡು ಸೆಕೆಂಡಿಗಿಂತ ಹೆಚ್ಚಾದರೆ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಳ್ಳುವುದೇ ಇಲ್ಲ, ಪ್ರತಿಯೊಂದೂ ಒಂಟಿಯಾಗುತ್ತದೆ. ಹಾಗಾದರೆ ಧಾರವಾಡ–ಹುಬ್ಬಳ್ಳಿಯ ಸಂಗೀತಕ್ಕೆ ಕಿವಿಗೊಟ್ಟವರು ಕೇಳಬಹುದು: ಕಿರಾಣಾ ಘರಾನೆಯ ಗಾಯಕರು ವಿಲಂಬಿತ ಖಯಾಲ್ ಹಾಡುವಾಗ ಏಕತಾಲದ ಒಂದು ಮಾತ್ರೆ ನಾಲ್ಕು ಸೆಕೆಂಡಿನಷ್ಟು ಎಳೆದುಕೊಳ್ಳುವುದುಂಟಲ್ಲ, ಹನ್ನೆರಡು ಮಾತ್ರೆ ಮುಗಿಯಲು ಮುಕ್ಕಾಲು ನಿಮಿಷ ಬೇಕಲ್ಲ, ಗಂಗೂಬಾಯಿ ಹಾನಗಲ್ ಅವರು ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಬಂದು ಇಳಿದಾಗ ಸಭೆಯೆಲ್ಲ ಒಟ್ಟಿಗೆ ತಲೆದೂಗುತ್ತಿದ್ದುದು ಹೇಗೆ? ಉತ್ತರ ತಬಲಾದವರ ಬೆರಳಲ್ಲಿದೆ. ಅವರು ಮಾತ್ರೆಯಿಂದ ಮಾತ್ರೆಗೆ ಕೈಕಟ್ಟಿ ಕಾಯುವುದಿಲ್ಲ. ಠೇಕಾದ ‘ತಿರಕಿಟ’ವನ್ನು ಬಿಡಿಸಿ ಬಿಡಿಸಿ ನುಡಿಸುತ್ತಾರೆ, ಬೋಲುಗಳ ನಡುವಿನ ಬಯಲನ್ನು ಸಣ್ಣ ಪೆಟ್ಟುಗಳಿಂದ ತುಂಬುತ್ತಾರೆ. ಆ ಸಣ್ಣ ಪೆಟ್ಟುಗಳು ಸೆಕೆಂಡಿಗೆ ಒಂದೋ ಎರಡೋ ಬರುವುದರಿಂದ ಕಿವಿ ತನ್ನ ಮಿತಿಯೊಳಗೇ ಉಳಿದು ದೊಡ್ಡ ಆವರ್ತನವನ್ನು ಹೊತ್ತುಕೊಳ್ಳುತ್ತದೆ.

ಈಗ ಮತ್ತೆ ಮಾತ್ರೆಯ ಲೆಕ್ಕಕ್ಕೆ. ಇದು ನಮ್ಮ ಉಪಖಂಡದ ಗಣಿತದ ಅತ್ಯಂತ ಸೊಗಸಾದ ಪುಟ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ನಾಲ್ಕು ಮಾತ್ರೆಯ ಜಾಗವನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ‘ಸುರಿಯಿತು’ ಒಂದು, ನಾಲ್ಕೂ ಲಘು. ‘ತುಂಬಿತು’ ಎರಡು, ಗುರು ಮೊದಲು. ‘ಹೊಲಕೂ’ ಮೂರು, ಗುರು ಕೊನೆಗೆ. ‘ನಾನೂ’ ನಾಲ್ಕು, ಎರಡೂ ಗುರು. ‘ವಿಶಾಲ’ ಐದು, ಗುರು ನಡುವೆ. ಆರನೆಯದು ಇಲ್ಲ. ಮೂರು ಮಾತ್ರೆಗೆ ಮೂರೇ ಬಗೆ: ‘ಮಳೆಯು’, ‘ನೀರು’, ‘ರಮಾ’. ಎರಡು ಮಾತ್ರೆಗೆ ಎರಡು ಬಗೆ, ಒಂದಕ್ಕೆ ಒಂದು. ಸಾಲಾಗಿ ಬರೆದರೆ 1, 2, 3, 5. ಮುಂದಿನದನ್ನು ಕಂಡುಹಿಡಿಯಲು ಪಟ್ಟಿ ಮಾಡಬೇಕಿಲ್ಲ. ಐದು ಮಾತ್ರೆಯ ಗಣ ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಇರುತ್ತದೆ, ಅದಕ್ಕೆ ಐದು ಬಗೆ. ಗುರುವಿನಿಂದ ಮುಗಿದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಕೂಡಿದರೆ ಎಂಟು. ಹೀಗೆ ಹಿಂದಿನ ಎರಡನ್ನು ಕೂಡುತ್ತ ಹೋದರೆ 8, 13, 21, 34. ಲೋಕವೆಲ್ಲ ಫಿಬೊನಾಚಿ ಸಂಖ್ಯೆಗಳೆಂದು ಕರೆಯುವುದು ಇವನ್ನೇ. ಇಟಲಿಯ ಫಿಬೊನಾಚಿ 1202ರ ತನ್ನ ಪುಸ್ತಕದಲ್ಲಿ ಮೊಲಗಳ ಸಂತಾನದ ಲೆಕ್ಕವಾಗಿ ಇವನ್ನು ಕೊಟ್ಟ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು ಗುಜರಾತಿನ ಜೈನಾಚಾರ್ಯ ಹೇಮಚಂದ್ರ, ಅವನಿಗೂ ಶತಮಾನಗಳ ಮೊದಲು ಪ್ರಾಕೃತ ಛಂದಸ್ಸಿನ ಬಗ್ಗೆ ಬರೆದ ವಿರಹಾಂಕ, ಇಬ್ಬರೂ ಈ ನಿಯಮವನ್ನು ಮಾತ್ರಾವೃತ್ತಗಳ ಎಣಿಕೆಗಾಗಿ ಹೇಳಿದ್ದರು. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ಮಂಜುಲ್ ಭಾರ್ಗವ ತಬಲಾ ವಾದಕರೂ ಹೌದು. ಈ ಸಂಖ್ಯೆಗಳನ್ನು ಅವರು ಹೇಮಚಂದ್ರನ ಹೆಸರಿನಿಂದ ಪರಿಚಯಿಸುವುದರಲ್ಲಿ ನ್ಯಾಯವಿದೆ.

ಈ ಕೂಡಿಕೆಯನ್ನು ಹದಿನಾಲ್ಕು ಮಾತ್ರೆಯವರೆಗೆ ಎಳೆದರೆ 610 ಬರುತ್ತದೆ. ಅಂದರೆ ಭಾಮಿನಿಯ ಮೊದಲ ಸಾಲಿನಷ್ಟು ಉದ್ದದ ಜಾಗವನ್ನು 610 ಬಗೆಯಲ್ಲಿ ತುಂಬಬಹುದು. ಆದರೆ ಅದು ಮೂರು–ನಾಲ್ಕು–ಮೂರು–ನಾಲ್ಕು ಎಂದು ಒಡೆಯಬೇಕು ಎಂದ ಕೂಡಲೆ ಮೂರರಲ್ಲಿ ಮೂರು, ನಾಲ್ಕರಲ್ಲಿ ಐದು, ಮತ್ತೆ ಮೂರು, ಮತ್ತೆ ಐದು, ಗುಣಿಸಿದರೆ 225ಕ್ಕೆ ಇಳಿಯುತ್ತದೆ. ಇಲ್ಲಿಗೂ ಮುಗಿಯಲಿಲ್ಲ. ಗಣದ ಮೊದಲಲ್ಲಿ ಲಘುವಿನ ಬೆನ್ನಿಗೇ ಗುರು ಬರಬಾರದು ಎಂದು ಷಟ್ಪದಿಯ ಲಕ್ಷಣ ಹೇಳುತ್ತದೆ. ಹಾಗಾಗಿ ಮೂರರಲ್ಲಿ ‘ರಮಾ’ದಂಥದು ಹೋಯಿತು, ನಾಲ್ಕರಲ್ಲಿ ‘ವಿಶಾಲ’ದಂಥದು ಹೋಯಿತು. ಉಳಿದದ್ದು ಎರಡು, ನಾಲ್ಕು, ಎರಡು, ನಾಲ್ಕು. ಗುಣಿಸಿದರೆ 64.

ಮಾತ್ರೆ ಸರಿಯಿದ್ದ ಮೇಲೆ ಆ ಒಂದು ವಿನ್ಯಾಸದ ಮೇಲೆ ಯಾಕೆ ಇಷ್ಟು ಕಟ್ಟುನಿಟ್ಟು? ಕಿವಿಯನ್ನೇ ಕೇಳೋಣ.

ಮಳೆಯು ವಿಶಾಲ ಬೆಟ್ಟ ತೊಳೆಯಿತು

ಮಾತ್ರೆ ಎಣಿಸಿ, ಹದಿನಾಲ್ಕು. ಮೂರು, ನಾಲ್ಕು, ಮೂರು, ನಾಲ್ಕು, ಎಲ್ಲ ಸರಿ. ಈಗ ಗಟ್ಟಿಯಾಗಿ ತಾಳ ಹಾಕಿ ಹೇಳಿ. ತಟ್ಟು ‘ವಿ’ಯ ಮೇಲೆ ಬೀಳಬೇಕು, ಆದರೆ ನಾಲಿಗೆಯ ಭಾರವೆಲ್ಲ ‘ಶಾ’ದ ಮೇಲೆ ಹೋಗುತ್ತದೆ. ಕಿವಿ ಪಾಪ ‘ಶಾ’ವನ್ನೇ ಗಣದ ತಲೆ ಎಂದು ಹಿಡಿದು, ಸಾಲನ್ನು ‘ಮಳೆಯುವಿ–ಶಾಲ–ಬೆಟ್ಟ–ತೊಳೆಯಿತು’ ಎಂದು ನಾಲ್ಕು, ಮೂರು, ಮೂರು, ನಾಲ್ಕಾಗಿ ಒಡೆದುಬಿಡುತ್ತದೆ. ಎಣಿಕೆಯಲ್ಲಿ ಉಳಿದ ಭಾಮಿನಿ ಕೇಳ್ಮೆಯಲ್ಲಿ ಉಳಿಯಲಿಲ್ಲ.

ಕಿವಿ ಹೀಗೇಕೆ ಮಾಡುತ್ತದೆ? 1981ರಲ್ಲಿ ನೆದರ್ಲೆಂಡ್ಸಿನ ಡರ್ಕ್-ಯಾನ್ ಪೋವೆಲ್ ಮತ್ತು ಹಾನ್ಸ್ ಓಕರ್ಮನ್ ಒಂದು ಪ್ರಯೋಗ ಪ್ರಕಟಿಸಿದರು. ಎತ್ತರ, ಗಟ್ಟಿತನ, ಬಣ್ಣ ಎಲ್ಲದರಲ್ಲೂ ಒಂದೇ ಆಗಿರುವ ಸ್ವರಗಳನ್ನು ಜೋಡಿ ಜೋಡಿಯಾಗಿ ಕೇಳಿಸಿದರು. ಜೋಡಿಯ ಒಳಗಿನ ಅಂತರ ಕಡಿಮೆ, ಜೋಡಿಯ ಆಚೆಗಿನ ಅಂತರ ಹೆಚ್ಚು. ಈ ವ್ಯತ್ಯಾಸ ಸಾಕಷ್ಟಿದ್ದಾಗ ಕೇಳಿದವರಿಗೆ ಜೋಡಿಯ ಎರಡನೆಯ ಸ್ವರ ಗಟ್ಟಿಯಾಗಿ ಕೇಳಿಸಿತು. ಅದರ ನಂತರ ಹೆಚ್ಚು ಕಾಲ ಇತ್ತು ಎನ್ನುವುದೊಂದೇ ಕಾರಣ. ನಮ್ಮ ಮಾತಿಗೆ ತಂದರೆ: ಲಘುವಿನ ನಂತರ ಗುರು ಬಂದರೆ ಒತ್ತು ಗುರುವಿಗೆ ಹೋಗುತ್ತದೆ, ಕವಿ ಬೇಡವೆಂದರೂ ಹೋಗುತ್ತದೆ. ಪ್ರಯೋಗಶಾಲೆಯ ಆ ಫಲಿತಾಂಶವನ್ನೂ ಷಟ್ಪದಿಯ ‘ಲಘು ಗುರುವಿನಿಂದ ಗಣ ಮೊದಲಾಗಬಾರದು’ ಎಂಬ ನಿಯಮವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಕನ್ನಡದ ಲಾಕ್ಷಣಿಕರ ಕಿವಿಯ ಮೇಲೆ ನನಗೆ ಅಪಾರ ಗೌರವ ಹುಟ್ಟಿತು. ಅವರ ಕೈಯಲ್ಲಿ ಇದ್ದದ್ದು ಸಾವಿರಾರು ಪದ್ಯಗಳು ಮತ್ತು ಅವುಗಳನ್ನು ಬಾಯಿಬಿಟ್ಟು ಓದುವ ಅಭ್ಯಾಸ ಮಾತ್ರ.

ಕಂದಪದ್ಯ ಈ ಕಥೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಕವಿರಾಜಮಾರ್ಗದಿಂದ ಹಿಡಿದು ಪಂಪ ರನ್ನರವರೆಗೆ ಹಳಗನ್ನಡದ ಕವಿಗಳು ಮತ್ತೆ ಮತ್ತೆ ಕೈಗೆತ್ತಿಕೊಂಡ ಪದ್ಯಜಾತಿ ಇದು. ನಾಲ್ಕು ಮಾತ್ರೆಯ ಗಣಗಳು, ಮೊದಲ ಸಾಲಿಗೆ ಮೂರು, ಎರಡನೆಯದಕ್ಕೆ ಐದು, ಹೀಗೆ ಎರಡು ಅರ್ಧಗಳು ಸೇರಿ ಒಟ್ಟು 64 ಮಾತ್ರೆ. ‘ವಿಶಾಲ’ದ ಮಾದರಿಯ ಗಣಕ್ಕೆ ಜಗಣ ಎನ್ನುತ್ತಾರೆ. ಕಂದದ ಅರ್ಧದಲ್ಲಿ ಒಂದು, ಮೂರು, ಐದು, ಏಳನೆಯ ಜಾಗಗಳಲ್ಲಿ ಜಗಣ ಬರಲೇಕೂಡದು. ಆದರೆ ಆರನೆಯ ಜಾಗದಲ್ಲಿ ಜಗಣವೇ ಬರಬೇಕು, ಇಲ್ಲವೇ ನಾಲ್ಕೂ ಲಘುವಿನ ಗಣ ಬರಬೇಕು. ಬೇಡವೆಂದು ಹೊರಗಿಟ್ಟದ್ದನ್ನೇ ಒಂದು ಜಾಗದಲ್ಲಿ ಬೇಕೇ ಬೇಕು ಎಂದು ಕರೆದು ಕೂರಿಸುವುದು ಯಾಕೆ?

ನನಗೆ ಕಾಣುವುದು ಹೀಗೆ. ಐದು ಗಣಗಳು ಹೋಗುವಷ್ಟರಲ್ಲಿ ಕಿವಿ ನಾಲ್ಕರ ನಡಿಗೆಯನ್ನು ಚೆನ್ನಾಗಿ ಕಲಿತಿರುತ್ತದೆ. ಆಗ ಆರನೆಯ ಗಣ ಒತ್ತನ್ನು ತಾಳದ ಪೆಟ್ಟಿನಿಂದ ಪಕ್ಕಕ್ಕೆ ಎಳೆಯುತ್ತದೆ. ನೆಲ ಒಂದು ಕ್ಷಣ ವಾಲಿದಂತಾಗುತ್ತದೆ. ಏಳನೆಯ ಗಣ ಮತ್ತೆ ಪೆಟ್ಟಿಗೆ ಸರಿಯಾಗಿ ಬಂದು, ಎಂಟನೆಯ ಗಣ ಗುರುವಿನಲ್ಲಿ ನಿಂತಾಗ, ಅರ್ಧ ಮುಗಿಯಿತು ಎನ್ನುವುದು ಅರ್ಥದಿಂದ ತಿಳಿಯುವ ಮೊದಲೇ ಕಿವಿಗೆ ತಿಳಿದಿರುತ್ತದೆ. ಕಲಿಸಿದ ಊಹೆಯನ್ನು ಕೊನೆಗೆ ಸ್ವಲ್ಪ ಮುಂಚೆ ಅಲುಗಾಡಿಸಿ, ಮತ್ತೆ ನಿಲ್ಲಿಸಿ ಮುಕ್ತಾಯವನ್ನು ಸಾರುವ ಉಪಾಯ ಇದು.

ಮೃದಂಗದವರು ಇದನ್ನೇ ಇನ್ನೂ ದೊಡ್ಡ ಅಳತೆಯಲ್ಲಿ ಮಾಡುತ್ತಾರೆ. ಆದಿತಾಳದ ಒಂದು ಆವರ್ತನ, ಚತುರಶ್ರ ನಡೆಯಲ್ಲಿ, ಅಂದರೆ ನಾಲ್ಕರ ನಡೆಯಲ್ಲಿ, 32 ಮಾತ್ರೆ. ‘ತದಿಂಗಿಣತೊಂ’ ಎಂಬ ಐದರ ಸೊಲ್ಲನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆ ಬಿಡುವು ಕೊಟ್ಟು ನುಡಿಸಬೇಕು ಎಂದುಕೊಳ್ಳಿ. ಐದು, ಎರಡು, ಐದು, ಎರಡು, ಐದು, ಒಟ್ಟು 19. ಅದು ಮುಗಿದ ಮರುಕ್ಷಣಕ್ಕೆ ಸಮ ಬರಬೇಕಾದರೆ ಹದಿನಾಲ್ಕನೆಯ ಮಾತ್ರೆಯಲ್ಲಿ ಎತ್ತಿಕೊಳ್ಳಬೇಕು, ತಾಳದ ಯಾವ ಪೆಟ್ಟಿಗೂ ಹೊಂದದ ಜಾಗ ಅದು. ಏಳರ ಅಂತರದಲ್ಲಿ ಮರಳಿ ಬರುವ ಸೊಲ್ಲು ನಾಲ್ಕರ ನಡೆಯ ಮೇಲೆ ಪ್ರತಿ ಸಲವೂ ಬೇರೆ ಜಾಗದಲ್ಲಿ ಬೀಳುತ್ತದೆ. ಎರಡನೆಯ ಸಲ ಕೇಳಿದ ಕೂಡಲೆ ಸಭಿಕರು ಮೂರನೆಯದನ್ನು ಊಹಿಸುತ್ತಾರೆ, ಅದು ಎಲ್ಲಿ ಇಳಿಯಬಹುದು ಎಂದು ತೊಡೆಯ ಮೇಲಿನ ಕೈ ಕಾಯುತ್ತದೆ. ಎರಡು ಊಹೆಗಳು, ಸೊಲ್ಲಿನದು ಒಂದು ತಾಳದ್ದು ಒಂದು, ಬೇರೆ ಬೇರೆ ದಾರಿಯಲ್ಲಿ ಬಂದು ಸಮದಲ್ಲಿ ಕೂಡಿದಾಗ ಬಾಯಿಂದ ‘ಭಲೇ’ ಹೊರಡುತ್ತದೆ. ಲೆಕ್ಕ ಗೊತ್ತಿಲ್ಲದವರ ಬಾಯಿಂದಲೂ ಹೊರಡುತ್ತದೆ ಎಂಬುದು ಮುಖ್ಯ.

ಊಹೆ ಎನ್ನುವುದು ಕಲಿಕೆಯೂ ಹೌದಾದ್ದರಿಂದ ಊರಿಂದೂರಿಗೆ ಅದು ಬೇರೆಯಾಗುತ್ತದೆ. ಎರಿನ್ ಹ್ಯಾನನ್ ಮತ್ತು ಸ್ಯಾಂಡ್ರಾ ಟ್ರೆಹಬ್ 2005ರಲ್ಲಿ ಬಾಲ್ಕನ್ ನಾಡಿನ ಏಳರ ಕುಣಿತದ ಧಾಟಿಗಳನ್ನು ಹಿಡಿದು ಪರೀಕ್ಷಿಸಿದರು. ಬಲ್ಗೇರಿಯ, ಮ್ಯಾಸಿಡೋನಿಯ ಮೂಲದ ವಯಸ್ಕರು ಆ ಧಾಟಿಯ ಲಯ ಕೆಡಿಸಿದಾಗ ಥಟ್ಟನೆ ಹಿಡಿದರು. ಉತ್ತರ ಅಮೆರಿಕದ ವಯಸ್ಕರಿಗೆ ಸಮನಾದ ಎರಡು ನಾಲ್ಕರ ಲಯದಲ್ಲಿ ತಪ್ಪು ತಿಳಿಯುತ್ತಿತ್ತು, ಏಳರಲ್ಲಿ ತಿಳಿಯುತ್ತಿರಲಿಲ್ಲ. ಅಚ್ಚರಿಯೆಂದರೆ ಅದೇ ಉತ್ತರ ಅಮೆರಿಕದ ಆರು ತಿಂಗಳ ಮಕ್ಕಳು ಎರಡರಲ್ಲೂ ತಪ್ಪು ಹಿಡಿದರು. ಹನ್ನೆರಡು ತಿಂಗಳಾಗುವಷ್ಟರಲ್ಲಿ ಮಕ್ಕಳು ದೊಡ್ಡವರಂತೆ ಆಗಿಬಿಟ್ಟಿದ್ದರು. ಎರಡು ವಾರ ಮನೆಯಲ್ಲಿ ಆ ಏಳರ ಸಂಗೀತವನ್ನು ಕೇಳಿಸಿದರೆ ಒಂದು ವರ್ಷದ ಮಗುವಿಗೆ ಆ ಸಾಮರ್ಥ್ಯ ಮರಳುತ್ತಿತ್ತು, ವಯಸ್ಕರಿಗೆ ಅಷ್ಟರಿಂದ ಮರಳಲಿಲ್ಲ.

ಕರಾವಳಿ ಮಲೆನಾಡಿನಲ್ಲಿ ಯಕ್ಷಗಾನದ ಚೌಕಿಯ ಪಕ್ಕ ಬೆಳೆದ ಮಕ್ಕಳ ಕಿವಿಗೆ ಏಳು ದೂರದ ಸಂಗತಿಯಲ್ಲ. ಭಾಗವತರ ತ್ರಿವುಡೆ ತಾಳ ಏಳರದು. ಅದೇ ಪ್ರಸಂಗದಲ್ಲಿ ಅವರು ಭಾಮಿನಿಯನ್ನೂ ಹಾಡುತ್ತಾರೆ, ಆದರೆ ತಾಳ ಹಾಕದೆ, ರಾಗದಲ್ಲಿ ಸ್ವಚ್ಛಂದವಾಗಿ ಎಳೆದು. ಶಿವಮೊಗ್ಗದ ಮತ್ತೂರು, ಹೊಸಹಳ್ಳಿಗಳಲ್ಲಿ ಬೇರು ಬಿಟ್ಟಿರುವ ಗಮಕವಾಚನವೂ ಹೀಗೆಯೇ, ತಾಳದ ಹಂಗಿಲ್ಲ. ಗಮಕಿ ‘ಬೆಟ್ಟ’ವನ್ನು ಇಡೀ ಆಲಾಪದಲ್ಲಿ ತೇಲಿಸಬಹುದು, ‘ಸುರಿಯಿತು’ವನ್ನು ಒಂದೇ ಉಸಿರಿಗೆ ಮುಗಿಸಬಹುದು. ಆದರೂ ಪದ್ಯ ಭಾಮಿನಿಯಾಗಿಯೇ ಕೇಳುತ್ತದೆ. ಲಘು ಗುರುಗಳ ವಿನ್ಯಾಸ ಮಾತಿನಲ್ಲೇ ಕೂತಿರುವುದರಿಂದ, ಗಡಿಯಾರದ ಕಾಲ ಹಿಗ್ಗಿದರೂ ಕುಗ್ಗಿದರೂ ಮೂರು ನಾಲ್ಕರ ಸರದಿ ಮನಸ್ಸಿಗೆ ಸಿಕ್ಕುತ್ತದೆ.

ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯೂ ನಮ್ಮಲ್ಲೇ ಇದೆ, ಅದು ಇನ್ನೂ ಹಳೆಯದು. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು. ಅದರಲ್ಲಿ ಕೆತ್ತಿರುವುದು ತ್ರಿಪದಿ. ಸರ್ವಜ್ಞನದೂ ತ್ರಿಪದಿ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದೂ ತ್ರಿಪದಿ. ಇದರ ಗಣಗಳನ್ನು ಅಂಶಗಳಲ್ಲಿ ಎಣಿಸುತ್ತಾರೆ. ಮೂರು ಅಂಶದ ವಿಷ್ಣುಗಣದಲ್ಲಿ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು, ಮಿಕ್ಕ ಎರಡು ಅಂಶಗಳಿಗೆ ಲಘುವೂ ನಡೆಯುತ್ತದೆ, ಗುರುವೂ ನಡೆಯುತ್ತದೆ. ಮಾತ್ರೆಯಲ್ಲಿ ಅಳೆದರೆ ಒಂದೇ ಗಣ ನಾಲ್ಕೂ ಆಗಬಹುದು, ಐದೂ ಆಗಬಹುದು, ಆರೂ ಆಗಬಹುದು. ಮೇಜಿನ ಮುಂದೆ ಕುಳಿತು ಪ್ರಸ್ತಾರ ಹಾಕುವವರಿಗೆ ಇದು ಬಹಳ ಸಡಿಲ ಎನಿಸುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತವರಿಗೆ ಯಾವ ಸಡಿಲವೂ ಇಲ್ಲ. ಕೈಯ ಸುತ್ತು ಒಂದೇ ಹದದಲ್ಲಿ ತಿರುಗುತ್ತಿರುತ್ತದೆ, ಲಘು ಬಂದರೆ ಅದನ್ನು ಎಳೆದು, ಗುರು ಬಂದರೆ ಹಾಗೆಯೇ ಬಿಟ್ಟು, ಗಣವನ್ನು ಸುತ್ತಿಗೆ ಸರಿ ಮಾಡಿಕೊಳ್ಳುತ್ತಾರೆ. ಷಟ್ಪದಿಯಲ್ಲಿ ಅಕ್ಷರ ತಾಳವನ್ನು ಹೊತ್ತಿದೆ, ತ್ರಿಪದಿಯಲ್ಲಿ ತಾಳ ಅಕ್ಷರವನ್ನು ಹೊತ್ತಿದೆ. ಲಯ ಮಿದುಳಿನ ಚಲನೆಯ ಭಾಗದಲ್ಲಿ ನೆಲೆಸಿದೆ ಎಂಬ ಸ್ಕ್ಯಾನರಿನ ಸಾಕ್ಷ್ಯಕ್ಕೆ ತ್ರಿಪದಿಗಿಂತ ಒಳ್ಳೆಯ ಜೊತೆ ನನಗೆ ತಿಳಿದಿಲ್ಲ. ಪುಸ್ತಕದಲ್ಲಿ ಅಚ್ಚಾದ ತ್ರಿಪದಿಯನ್ನು ಮಕ್ಕಳಿಂದ ಗದ್ಯದಂತೆ ಓದಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅದನ್ನು ಹಾಡಿಯೇ ಕಲಿಸಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ಕವಿಗಳು ಊಹೆಯೊಡನೆ ಇನ್ನೊಂದು ಬಗೆಯ ಕೆಲಸಕ್ಕೆ ಇಳಿದರು. ಐದೈದು ಮಾತ್ರೆಯ ನಾಲ್ಕು ಗಣಗಳ ಲಲಿತ ರಗಳೆಯಿಂದ ಪ್ರಾಸವನ್ನು ತೆಗೆದು, ವಾಕ್ಯ ಸಾಲಿನ ಕೊನೆಗೇ ನಿಲ್ಲಬೇಕೆಂಬ ಕಟ್ಟನ್ನೂ ತೆಗೆದು ಸರಳ ರಗಳೆ ಮಾಡಿದರು. ಕುವೆಂಪು ಅದನ್ನು ಹಿಗ್ಗಿಸಿ ಮಹಾಛಂದಸ್ಸು ಎಂದು ಕರೆದು 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಬರೆದರು. ಅದರ ಗುಟ್ಟನ್ನು ತೋರಿಸಲು ಮತ್ತೆ ಎರಡು ಸಾಲು ಕಟ್ಟಿಕೊಳ್ಳೋಣ:

ಬೀಸಿ ಬಂದಿತು ಗಾಳಿ. ಮರ ನಡುಗಿ ನಿಂತಿತ್ತು
ಹೊಳೆಯ ದಂಡೆಯ ಮೇಲೆ ಒಂಟಿಯಾಗಿ. ಮರುದಿನ

ಮೊದಲ ಸಾಲಿನ ಗಣಗಳು: ಬೀಸಿಬಂ, ದಿತುಗಾಳಿ, ಮರನಡುಗಿ, ನಿಂತಿತ್ತು. ‘ಬಂದಿತು’ ಎಂಬ ಪದ ಎರಡು ಗಣಗಳಿಗೆ ಹಂಚಿಹೋಗಿದೆ. ವಾಕ್ಯ ಸಾಲಿನ ನಡುವೆ ನಿಂತಿದೆ, ಮುಂದಿನ ವಾಕ್ಯ ಸಾಲಿನ ಅಂಚನ್ನು ದಾಟಿ ಹರಿದಿದೆ. ಎರಡನೆಯ ಸಾಲಿನಲ್ಲಿ ಇನ್ನೂ ಬಿಗಿ: ಹೊಳೆಯದಂ, ಡೆಯಮೇಲೆ, ಒಂಟಿಯಾ, ಗಿಮರುದಿನ. ಪೂರ್ಣವಿರಾಮ ಬಿದ್ದಿರುವುದು ಗಣದ ಮೊದಲ ಮಾತ್ರೆಯ ಬೆನ್ನಿಗೇ. ಅರ್ಥ ‘ನಿಲ್ಲು’ ಎನ್ನುತ್ತದೆ, ಐದರ ಲೆಕ್ಕ ಇನ್ನೂ ನಾಲ್ಕು ಮಾತ್ರೆ ಬಾಕಿ ಎನ್ನುತ್ತದೆ. ಓದುವವನಿಗೆ ಇಲ್ಲಿ ಎರಡು ದಾರಿ. ‘ಗಿ’ಯ ಮೇಲೆ ನಿಲ್ಲದೆ ‘ಮರುದಿನ’ಕ್ಕೆ ಜಾರಿದರೆ ತಾಳ ಉಳಿಯುತ್ತದೆ, ಮರದ ಒಂಟಿತನ ಮಸುಕಾಗುತ್ತದೆ. ಮನಬಂದಷ್ಟು ನಿಂತರೆ ಅರ್ಥ ನಿಲ್ಲುತ್ತದೆ, ನಡಿಗೆ ಕಳಚುತ್ತದೆ. ನನ್ನ ಕಿವಿಗೆ ಸರಿ ಕಾಣುವುದು ಮೂರನೆಯ ದಾರಿ: ‘ಗಿ’ಯನ್ನು ಮುಗಿಸಿ, ಮನಸ್ಸಿನಲ್ಲೇ ಒಂದು ಪೂರ್ತಿ ಐದನ್ನು ಎಣಿಸಿ, ಆಮೇಲೆ ‘ಮರುದಿನ’ ಎನ್ನುವುದು. ಆಗ ಆ ಮೌನಕ್ಕೂ ಗಣದ ಅಳತೆಯೇ ಸಿಗುತ್ತದೆ, ‘ಮರುದಿನ’ ತನಗೆ ಗೊತ್ತುಮಾಡಿದ ಎರಡನೆಯ ಮಾತ್ರೆಯ ಮೇಲೆಯೇ ಬಂದು ಇಳಿಯುತ್ತದೆ.